ಹೇಮಾವತಿ ಹರಿವಿನಲ್ಲಿ ಫೀಡರ್‌ನಿಂದ ಹಿಟ್ಟು ಬಿಡುತ್ತಲೇ ಇಲ್ಲ, ಏನು ಮಾಡಲಿ?

ಹೊಳೆದಂಡೆ:
ಹೊಳೆನರಸೀಪುರದ ಹತ್ತಿರ ಹೇಮಾವತಿಯಲ್ಲಿ ಗಾಳ ಹಾಕುತ್ತಿದ್ದೇನೆ. ರೋಹು ಇದೆ, ಗೆಂಡೆ ಇದೆ, ಪಕ್ಕದಲ್ಲಿ ಕೂತವರು ಎಳೆಯುತ್ತಲೇ ಇದ್ದಾರೆ. ನನ್ನ ಫೀಡರ್ (ಮೇವಿನ ಹಿಟ್ಟು ತುಂಬಿ ಗಾಳದ ದಾರಕ್ಕೆ ಕಟ್ಟುವ, ತೂಕ ಇರುವ ಬಲೆಬುಟ್ಟಿ) ಮಾತ್ರ ಎಸೆದಾಗ ಹೇಗಿತ್ತೋ ಹಾಗೇ ವಾಪಸ್ ಬರುತ್ತದೆ. ಅರ್ಧ ಗಂಟೆ ಬಿಟ್ಟರೂ ಅಷ್ಟೇ. ಮೇಲಿನ ಪದರ ನುಣ್ಣಗಾಗಿರುತ್ತದೆ, ಒಳಗಿನ ಹಿಟ್ಟು ಒಣಗಿಯೇ ಇರುತ್ತದೆ. ಇದೇ ಹಿಟ್ಟಿಗೆ ಕೆರೆಯಲ್ಲಿ ಮೀನು ಚೆನ್ನಾಗಿ ಬೀಳುತ್ತಿತ್ತು. ಮಾಮೂಲಿ ಹಿಟ್ಟು, ಮಾಮೂಲಿ ಕೇಜ್ ಫೀಡರ್. ತಲೆ ಕೆಟ್ಟುಹೋಗಿದೆ, ಯಾರಾದರೂ ಹೇಳಿ.

ಗೊರೂರು ಗಾಳ:
ತೂಕ ಎಷ್ಟು? ಗೊರೂರು ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗೆ ಹರಿವು ಜೋರಾಗುತ್ತದೆ. ಕಡಿಮೆ ತೂಕದ ಫೀಡರ್ ತಳ ಕಚ್ಚುವುದಿಲ್ಲ. 90 ಗ್ರಾಂ ಹಾಕಿ.

ಹೊಳೆದಂಡೆ:
60 ಗ್ರಾಂ ಅಣ್ಣ. ಆದರೆ ಉರುಳುತ್ತಿಲ್ಲ. ಎಸೆದ ಕಡೆಯಿಂದಲೇ ಎಳೆದುಕೊಳ್ಳುತ್ತೇನೆ.

ಗೊರೂರು ಗಾಳ:
ದಡದಿಂದ ಹಾಗೆ ಕಾಣುತ್ತದೆ. ತಳದಲ್ಲಿ ಸ್ವಲ್ಪ ಸ್ವಲ್ಪವೇ ಜರುಗುತ್ತಿರುತ್ತದೆ. ರಾಡ್ ತುದಿ ಸಣ್ಣಗೆ ಅದುರುತ್ತಿದ್ದರೆ ಅದೇ ಗುರುತು. 90 ಹಾಕಿ ನೋಡಿ, ಆಮೇಲೆ ಮಾತಾಡೋಣ.

ಯಗಚಿ ಪಕ್ಕ:
ತೂಕ ಆಮೇಲೆ. ಲೈನ್ ಯಾವುದು? ದಪ್ಪ ತಂಗೂಸಿ ಇದ್ದರೆ ಹರಿಯುವ ನೀರು ಅದನ್ನೇ ಹಿಡಿದು ಎಳೆಯುತ್ತದೆ. ತೆಳು ಬ್ರೇಡ್ (ಎಳೆಗಳನ್ನು ಹೆಣೆದ ದಾರ) ಹಾಕಿದರೆ 60 ಗ್ರಾಮೇ ಸಾಕು. ರಾಡ್ ಎತ್ತರಕ್ಕೆ ನಿಲ್ಲಿಸಿ, ಆದಷ್ಟು ಲೈನ್ ನೀರಿನಿಂದ ಮೇಲಿರಲಿ.

ಗೊರೂರು ಗಾಳ:
ಹೇಮಾವತಿ ತಳದಲ್ಲಿ ಬ್ರೇಡ್? ಬಂಡೆಗೆ ಉಜ್ಜಿದರೆ ಒಂದೇ ಏಟಿಗೆ ಕತ್ತರಿಸಿಹೋಗುತ್ತದೆ. ತಂಗೂಸಿಯೇ ಸರಿ.

ಯಗಚಿ ಪಕ್ಕ:
ಅದಕ್ಕೇ ಮುಂದಕ್ಕೆ ಒಂದಷ್ಟು ಉದ್ದ ದಪ್ಪ ತಂಗೂಸಿ ಕಟ್ಟುತ್ತಾರೆ. ನನ್ನದು 12 ಅಡಿ ಫೀಡರ್ ರಾಡ್, 4000 ಸೈಜಿನ ರೀಲ್, ಬ್ರೇಡ್ ಮುಂದೆ ತಂಗೂಸಿ. ಬೇಲೂರಿನಿಂದ ಕೆಳಗೆ ಯಗಚಿಯಲ್ಲಿ ಈ ಸೆಟ್‌ಅಪ್‌ನಲ್ಲಿ ಲೈನ್ ಕಳಕೊಂಡಿದ್ದೇ ಇಲ್ಲ. ಕಾಟ್ಲಾ ಲೈನ್ ಎಳೆದುಕೊಂಡು ಓಡುವಾಗ ರೀಲ್‌ನ ಡ್ರ್ಯಾಗ್ (ಬಿಗಿತದ ಬ್ರೇಕ್) ಶಬ್ದ ಕೇಳಬೇಕು ನೀವು.

ಹೊಳೆದಂಡೆ:
ಕಾಟ್ಲಾ ಓಡಲಿ, ಒಳ್ಳೆಯದೇ. ನನ್ನ ಪ್ರಶ್ನೆ ಹಿಟ್ಟು ಯಾಕೆ ಬಿಡುತ್ತಿಲ್ಲ ಅನ್ನೋದು. ಇವತ್ತು 90 ಗ್ರಾಂ ಹಾಕಿದೆ. ಹಿಟ್ಟು ಹಾಗೇ ಬಂತು.

ಕಾವೇರಿ ಕಡೆಯವ:
ಇಷ್ಟು ಕಷ್ಟ ಯಾಕೆ ಪಡುತ್ತೀರಿ? ರಾಮನಾಥಪುರದ ಹತ್ತಿರ ಕಾವೇರಿಗೆ ಬನ್ನಿ. ಅಲ್ಲಿ ಮೀನು ಕಾಲ ಹತ್ತಿರವೇ ಬರುತ್ತವೆ.

ಭದ್ರಾ ತೀರ:
ಮಾರಾಯ್ರೆ, ಅದು ದೇವರ ಮೀನು. ರಾಮನಾಥಪುರದಲ್ಲೂ ಶೃಂಗೇರಿಯಲ್ಲೂ ಗಾಳ ಹಾಕುವ ಹಾಗಿಲ್ಲ. ಇಂಥ ಸಲಹೆ ಇಲ್ಲಿ ಬರೆಯಬೇಡಿ, ಹೊಸಬರು ನಂಬಿಬಿಡುತ್ತಾರೆ.

ಕಾವೇರಿ ಕಡೆಯವ:
ದೇವಸ್ಥಾನದ ಮಡುವಿನಲ್ಲಿ ಅಂತ ನಾನು ಹೇಳಿದೆನಾ? ಹೊಳೆ ಉದ್ದಕ್ಕಿದೆ.

ಭದ್ರಾ ತೀರ:
ಮೀನಿಗೆ ಗಡಿ ಗೊತ್ತಿಲ್ಲ. ಆ ವಿಷಯ ಅಲ್ಲಿಗೇ ಬಿಡೋಣ.
ಹೊಳೆದಂಡೆಯವರೇ, ಇಷ್ಟು ಹೊತ್ತು ಯಾರೂ ಒಂದು ಮಾತು ಕೇಳಲಿಲ್ಲ. ಹಿಟ್ಟಿನಲ್ಲಿ ಏನೇನಿದೆ? ಎಷ್ಟು ನೀರು? ಕೇಜ್‌ಗೆ ಹೇಗೆ ತುಂಬುತ್ತೀರಿ? ತೂಕ ಫೀಡರನ್ನು ನಿಲ್ಲಿಸುತ್ತದೆ, ಹಿಟ್ಟನ್ನು ಬಿಡಿಸುವುದಿಲ್ಲ.

ಹೊಳೆದಂಡೆ:
ಎಲ್ಲರೂ ಹಾಕೋದೇ. ಕಡಲೆಕಾಯಿ ಹಿಂಡಿ, ಗೋಧಿ ಬೂಸಾ, ಮೈದಾ, ಸ್ವಲ್ಪ ಬೆಲ್ಲದ ನೀರು. ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿ, ಕೇಜ್ ತುಂಬಾ ಒತ್ತಿ ತುಂಬುತ್ತೇನೆ. ಕೆರೆಯಲ್ಲಿ ಇದನ್ನೇ ಉಂಡೆ ಮಾಡಿ ಗಾಳಕ್ಕೆ ಚುಚ್ಚುತ್ತಿದ್ದೆ.

ಭದ್ರಾ ತೀರ:
ಸಿಕ್ಕಿತು! ಮೈದಾ. ಗಾಳಕ್ಕೆ ಚುಚ್ಚುವ ಹಿಟ್ಟು ಗಾಳದಿಂದ ಬೀಳಬಾರದು. ಫೀಡರ್ ಹಿಟ್ಟು ತಳ ಮುಟ್ಟಿದ ಮೇಲೆ ಬಿಚ್ಚಿಕೊಳ್ಳಲೇಬೇಕು. ಎರಡಕ್ಕೂ ಒಂದೇ ಹಿಟ್ಟು ಆಗುವುದಿಲ್ಲ. ಮೈದಾದಲ್ಲಿ ಗ್ಲುಟೆನ್ ಇದೆ. ನಾದಿದಷ್ಟೂ ಅದು ಬಲೆಯ ಹಾಗೆ ಹೆಣೆದುಕೊಂಡು ಹಿಂಡಿಯನ್ನೂ ಬೂಸಾವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹೊರಗಿನ ಪದರ ಅಂಟಾಗಿ ಮುಚ್ಚಿಕೊಂಡರೆ ನೀರು ಒಳಗೆ ಹೋಗುವುದೇ ಇಲ್ಲ. ನೀವು ಒಳಗೆ ಒಣಗಿತ್ತು ಅಂದದ್ದು ಅದಕ್ಕೇ. ಬೆಲ್ಲದ ನೀರೂ ಅಂಟು ಜಾಸ್ತಿ ಮಾಡುತ್ತದೆ.

ಮೈದಾ ಪೂರ್ತಿ ಬಿಡಿ. ಹಿಂಡಿಯನ್ನು ಪುಡಿ ಮಾಡಿ, ಬೂಸಾ, ಒರಟು ಬ್ರೆಡ್ ಪುಡಿ ಸೇರಿಸಿ. ನೀರು ಚಿಮುಕಿಸಿ, ನಾದಬೇಡಿ, ಬೆರಳಲ್ಲಿ ಕೆದಕಿ. 20 ನಿಮಿಷ ಮುಚ್ಚಿಡಿ. ಬೂಸಾ ನೀರು ಕುಡಿದು ಮತ್ತೆ ಒಣಗಿದ ಹಾಗಿರುತ್ತದೆ. ಇನ್ನೊಂದು ಸಲ ಚಿಮುಕಿಸಿ, ಆಮೇಲೆ ಜರಡಿ ಹಿಡಿಯಿರಿ. ಜರಡಿ ಹಿಡಿದರೆ ಗಂಟು ಒಡೆದು ಎಲ್ಲ ಕಡೆ ಒಂದೇ ಹದ ಬರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಹದ ಅಂದರೆ ಅಷ್ಟೇ.

ತುಂಬುವಾಗ ಎರಡು ತುದಿ ಮಾತ್ರ ಹೆಬ್ಬೆರಳಲ್ಲಿ ಒತ್ತಿ. ನಡುವೆ ಸಡಿಲ ಇರಲಿ. ಎಸೆಯುವ ಮೊದಲು ದಡದಲ್ಲೇ, ಮೊಣಕಾಲುದ್ದದ ಹರಿಯುವ ನೀರಿನಲ್ಲಿ ಫೀಡರ್ ಬಿಟ್ಟು ಕಣ್ಣಾರೆ ನೋಡಿ. ಬಕೆಟ್‌ನಲ್ಲಿ ನೋಡಿದರೆ ಪ್ರಯೋಜನ ಇಲ್ಲ, ಅಲ್ಲಿ ಹರಿವೇ ಇಲ್ಲವಲ್ಲ. ಎರಡು ಮೂರು ನಿಮಿಷದಲ್ಲಿ ಖಾಲಿ ಆದರೆ ಸರಿ.

ಯಗಚಿ ಪಕ್ಕ:
ಬಾಳೆಹೊನ್ನೂರು ಕಡೆ ಅಕ್ಕಿ ತೌಡು ಹಾಕುತ್ತಾರೆ, ಅಲ್ವಾ? ಬೂಸಾ ಬದಲು ಆಗುತ್ತದಾ?

ಭದ್ರಾ ತೀರ:
ಆಗುತ್ತದೆ. ಆದರೆ ತೌಡು ನುಣುಪು. ಅದೊಂದೇ ಜಾಸ್ತಿಯಾದರೆ ಮತ್ತೆ ಮೆತ್ತಿಕೊಳ್ಳುತ್ತದೆ. ಜೊತೆಗೆ ಏನಾದರೂ ಒರಟು ಬೇಕು. ಬೇಯಿಸಿ ಜಜ್ಜಿದ ಜೋಳದ ಕಾಳು ಹಾಕಿ, ಹಿಟ್ಟು ಅದರ ಸುತ್ತಲೇ ಬಿರುಕು ಬಿಡುತ್ತದೆ.

ಹೊಳೆದಂಡೆ:
ಮೈದಾ ಇಲ್ಲದೆ ಮಾಡಿದೆ. ದಡದಲ್ಲಿ ಬಿಟ್ಟು ನೋಡಿದೆ, ಹೊಗೆ ಎದ್ದ ಹಾಗೆ ಬಿಚ್ಚಿಕೊಂಡಿತು! ತುಂಬಾ ಖುಷಿ ಆಯಿತು ಅಣ್ಣ. ಆದರೆ ದೂರ ಎಸೆದರೆ ಅರ್ಧ ಗಾಳಿಯಲ್ಲೇ ಉದುರುತ್ತದೆ.

ಭದ್ರಾ ತೀರ:
ಜೋರಾಗಿ ಬೀಸಬೇಡಿ. ರಾಡ್ ನಿಧಾನವಾಗಿ ಎಳೆದು ಒಂದೇ ಓಟದಲ್ಲಿ ಬಿಡಿ. ಆಗಲೂ ಉದುರಿದರೆ ಒಂದು ಹಿಡಿ ಹುರಿಗಡಲೆ ಹಿಟ್ಟು ಸೇರಿಸಿ. ಅದರಲ್ಲಿ ಗ್ಲುಟೆನ್ ಇಲ್ಲ, ಸ್ವಲ್ಪ ಹಿಡಿತ ಕೊಡುತ್ತದೆ, ನೀರಿನಲ್ಲಿ ಬಿಡುತ್ತದೆ. ಮೈದಾ ಕಡೆ ಮಾತ್ರ ಮತ್ತೆ ಹೋಗಬೇಡಿ.

ಗೊರೂರು ಗಾಳ:
90 ಗ್ರಾಂ ತೆಗೆಯಬೇಡಿ. ಈಗಲೇ ಅದು ಬೇಕಾಗಿರುವುದು. ಹಿಟ್ಟು ಬೇಗ ಬಿಚ್ಚುವಾಗ ಫೀಡರ್ ಜರುಗಿದರೆ ಮೇವು ಹೊಳೆ ಉದ್ದಕ್ಕೂ ಚೆಲ್ಲಿಹೋಗುತ್ತದೆ, ಮೀನು ಒಂದು ಕಡೆ ನಿಲ್ಲುವುದಿಲ್ಲ. ಪ್ರತಿ ಸಲ ಅದೇ ಜಾಗಕ್ಕೆ ಎಸೆಯಿರಿ. ರೀಲ್‌ನಲ್ಲಿ ಲೈನ್ ಕ್ಲಿಪ್ (ಲೈನ್ ಅಷ್ಟೇ ದೂರಕ್ಕೆ ನಿಲ್ಲುವಂತೆ ಹಿಡಿಯುವ ಕೊಕ್ಕೆ) ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಆಚೆ ದಡದ ಒಂದು ಮರ ನೋಡಿಕೊಳ್ಳಿ. ದೊಡ್ಡ ಮೀನು ಕಚ್ಚಿದ ಕೂಡಲೇ ಕ್ಲಿಪ್ ಬಿಡಿಸಿ, ಮರೆತರೆ ಲೈನ್ ಹರಿದೇ ಹೋಗುತ್ತದೆ.

ಯಗಚಿ ಪಕ್ಕ:
ಲೈನ್ ಹರಿಯೋದು ತಂಗೂಸಿ ಹಳೆಯದಾದರೆ. ಬ್ರೇಡ್ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಗೊರೂರು ಅಣ್ಣ ಅಲ್ಲಿಗೆ ಬನ್ನಿ.