ಸಹಾಯ ಬೇಕು: ಸಿಗಡಿ ಅಲರ್ಜಿ ಇರುವವರು ಬೀಚ್ ಊರಲ್ಲಿ ಎಲ್ಲಿ ಊಟ ಮಾಡಬೇಕು?

ಸಮುದ್ರ ತೀರದ ಪ್ರವಾಸಿ ನಗರಕ್ಕೆ ಬಂದಿದ್ದೇವೆ, ಇನ್ನೂ ಮೂರು ದಿನ ಇದೆ. ಮಗಳಿಗೆ ಸಿಗಡಿ, ಏಡಿ ಎರಡೂ ಅಲರ್ಜಿ. ಮೀನು ತಿಂದರೆ ಏನೂ ಆಗುವುದಿಲ್ಲ. ಆದರೆ ಇಲ್ಲಿ ಹೋಟೆಲ್ ಬಾಗಿಲಲ್ಲೇ ಸಿಗಡಿ ಸ್ವಾಗತ ಮಾಡುತ್ತದೆ!

ಮೊದಲ ರಾತ್ರಿ ಬೀಚ್ ಎದುರಿನ ಒಂದು ಕಡೆ ಕೂತೆವು. ಸಿಗಡಿ ಬೇಡ ಅಂತ ಎರಡು ಸಲ ಹೇಳಿದೆ. ಅವಳು ತಿಂದಿದ್ದು ಬರೀ ಕರಿದ ತರಕಾರಿ, ಆದರೂ ತುಟಿ ಊದಿತು. ವಿಚಾರಿಸಿದರೆ ಎಲ್ಲವನ್ನೂ ಒಂದೇ ಎಣ್ಣೆಯಲ್ಲಿ ಕರಿಯುತ್ತಾರಂತೆ. ಅಲರ್ಜಿ ತರುವ ಪ್ರೋಟೀನ್ ಬಿಸಿಗೂ ಹಾಳಾಗುವುದಿಲ್ಲ, ಎಣ್ಣೆಗೆ ಸೇರಿಕೊಳ್ಳುತ್ತದೆ. ಸದ್ಯ, ಡಾಕ್ಟರ್ ಕೊಟ್ಟ ಔಷಧಿ ಬ್ಯಾಗಲ್ಲಿತ್ತು.

ಮಾರನೇ ದಿನ ಎರಡು ಬೀದಿ ಒಳಗೆ ಹೋಗಿ ಹುಡುಕಿದೆವು. ಬೆಲೆ ಕಡಿಮೆ, ಆದರೆ ಅಡುಗೆಮನೆ ಬಗ್ಗೆ ಕೇಳಿದರೆ ಸುಮ್ನೆ ತಲೆಯಾಡಿಸುತ್ತಾರೆ. ರಿವ್ಯೂ ಓದಿದೆ. ಸೂರ್ಯಾಸ್ತದ ವರ್ಣನೆಯೇ ಜಾಸ್ತಿ, ಎಣ್ಣೆ ಬಗ್ಗೆ ಯಾರೂ ಬರೆಯುವುದಿಲ್ಲ ಅಲ್ವಾ?

ಗೊಂದಲ ಇಷ್ಟೇ. ದೊಡ್ಡ ಹೋಟೆಲ್‌ನಲ್ಲಿ ಬೇರೆ ಬಾಣಲೆ ಇರಬಹುದು, ಆದರೆ ಅಡುಗೆಯವರು ಮಾತಿಗೆ ಸಿಗುವುದಿಲ್ಲ. ಚಿಕ್ಕ ಹೋಟೆಲ್‌ನಲ್ಲಿ ಅಡುಗೆಯವರು ಎದುರಿಗೇ ಇರುತ್ತಾರೆ, ಆದರೆ ಇರುವುದೇ ಒಂದು ಬಾಣಲೆ. ಪೂರ್ತಿ ಸಸ್ಯಾಹಾರಿ ಜಾಗ ಹತ್ತಿರದಲ್ಲಿ ಕಾಣಲಿಲ್ಲ.

ಇಂಥ ಅಲರ್ಜಿ ಇದ್ದೂ ಬೀಚ್ ಊರಲ್ಲಿ ಹೊರಗೆ ತಿಂದವರು ಹೇಳಿ: ಯಾವ ಥರದ ಜಾಗ ಆರಿಸಿಕೊಂಡಿರಿ? ಆರ್ಡರ್ ಮಾಡುವ ಮೊದಲು ಏನೇನು ಕೇಳಿದಿರಿ?