ಬೆಕ್ಕಿಗೆ ಹಸಿ ಚಿಕನ್ ಹಾಕ್ಬೋದಾ? ಡಾಕ್ಟ್ರು ಬೇಡ ಅಂತಾರೆ, ಗ್ರೂಪಲ್ಲಿ ಎಲ್ರೂ ಹಾಕು ಅಂತಾರೆ

ಬೋಂಡಾನ_ಅಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಬೋಂಡಾ ಅಂತ ಗಂಡು ಬೆಕ್ಕಿದೆ, ಬೀದಿದೇ, ಎರಡು ವರ್ಷ ಇರ್ಬೋದು, ಆಪರೇಷನ್ ಆಗಿದೆ, ಆಚೆ ಬಿಡಲ್ಲ. ಇಲ್ಲೀತನಕ ಬರೀ ಡ್ರೈ ಫುಡ್. ಹೋದ ತಿಂಗಳು ಯೂರಿನ್ ಕಟ್ಕೊಂಡು ಒದ್ದಾಡ್ತು, ಡಾಕ್ಟ್ರು ನೀರಿನಂಶ ಇರೋ ಊಟ ಕೊಡಿ ಅಂದ್ರು. ದಿನಾ ವೆಟ್ ಫುಡ್ ಪೌಚ್ ಕೊಡೋಕೆ ಬಜೆಟ್ ಸಾಲಲ್ಲ, ಅಷ್ಟರಲ್ಲಿ ಒಂದು ವಾಟ್ಸಾಪ್ ಗ್ರೂಪಿಗೆ ಸೇರ್ಕೊಂಡೆ, ಅಲ್ಲಿ ಎಲ್ರೂ ಹಸಿ ಮಾಂಸನೇ ಹಾಕಿ, "ಕಾಡಲ್ಲಿ ಬೆಕ್ಕು ಕುಕ್ಕರ್ ಇಡತ್ತಾ" ಅಂತ ಕೇಳ್ತಾರೆ, ಅದಕ್ಕೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಡಾಕ್ಟ್ರನ್ನ ಕೇಳಿದ್ರೆ ಖಂಡಿತ ಬೇಡ ಅಂದ್ರು, ಯಾಕೆ ಅಂತ ಹೇಳೋಷ್ಟು ಟೈಮ್ ಅವರಿಗಿಲ್ಲ. ಇನ್ನೊಂದು ವಿಷ್ಯ, ತಂಗಿ ಬಸುರಿ, ಬಾಣಂತನಕ್ಕೆ ಇಲ್ಲಿಗೇ ಬರ್ತಾಳೆ, ಅಮ್ಮ ಈಗ್ಲೇ ಬೆಕ್ಕನ್ನ ಯಾರಿಗಾದ್ರೂ ಕೊಟ್ಬಿಡು ಅಂತ ಶುರು ಮಾಡಿದಾರೆ.

ಹುಲಿಯ_ತಂಗಿ
ನಾನು ಹಸಿದೇ ಹಾಕೋದು, ನನ್ನ ಎರಡೂ ಬೆಕ್ಕು ಚೆನ್ನಾಗಿವೆ, ಕೂದ್ಲು ಮಿರಮಿರ ಅನ್ನತ್ತೆ, ಕಕ್ಕ ಮಾಡೋ ಟ್ರೇ ವಾಸನೆನೂ ಕಮ್ಮಿ. ಡ್ರೈ ಫುಡ್ಡಲ್ಲಿ ನೀರು ಸುಮಾರು 10 ಪರ್ಸೆಂಟ್, ಮಾಂಸದಲ್ಲಿ 70ರ ಮೇಲೆ. ಬೆಕ್ಕುಗಳ ಮೂಲ ಒಣ ಪ್ರದೇಶ, ಬಟ್ಟಲಲ್ಲಿ ನೀರಿಟ್ರೂ ಸಾಕಷ್ಟು ಕುಡಿಯಲ್ಲ, ಊಟದಲ್ಲೇ ಬರ್ಬೇಕು. ಆಮೇಲೆ 1932ರಿಂದ 42ರ ತನಕ ಕ್ಯಾಲಿಫೋರ್ನಿಯಾದಲ್ಲಿ ಪಾಟೆಂಜರ್ ಅನ್ನೋ ಡಾಕ್ಟ್ರು ನೂರಾರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿದ್ರು, ಹಸಿ ತಿಂದವು ಗಟ್ಟಿಮುಟ್ಟಾಗಿದ್ವು, ಬೇಯಿಸಿದ್ದು ತಿಂದವಕ್ಕೆ ತಲೆಮಾರು ಕಳೆದ ಹಾಗೆ ಕಾಯಿಲೆ ಜಾಸ್ತಿ ಆಗಿ ಮರಿನೇ ಆಗದ ಹಾಗಾಯ್ತು. ಡಾಕ್ಟರುಗಳು ಇದನ್ನ ಹೇಳೋದೇ ಇಲ್ಲ.

ದನದ_ಡಾಕ್ಟ್ರು_ಹುಬ್ಬಳ್ಳಿ
ಹೇಳ್ತೀವ್ರಿ, ನೀವು ಕೇಳೂದಿಲ್ಲ ಅಷ್ಟ 🙂 ಪಾಟೆಂಜರ್ ಕತಿ ಖರೇನ, ಆದ್ರ ಆವಾಗ ಬೆಕ್ಕಿಗೆ ಟಾರಿನ್ ಅನ್ನೂ ಪೋಷಕಾಂಶ ಬೇಕೇ ಬೇಕು ಅನ್ನೂದು ಯಾರಿಗೂ ಗೊತ್ತಿರಲಿಲ್ಲ. ನಾಯಿ ಮೈಯಾಗ ಅದು ತಾನ ತಯಾರಾಗ್ತೈತಿ, ಬೆಕ್ಕಿಗೆ ಸಾಕಾಗುವಷ್ಟು ಆಗಂಗಿಲ್ಲ, ಮಾಂಸದಿಂದನ ಬರಬೇಕು. ಮಾಂಸ ಕುದಿಸಿದ್ರ ಟಾರಿನ್ ನೀರಿಗೆ ಇಳೀತೈತಿ, ಆ ನೀರು ಮೋರಿಗೆ ಚೆಲ್ಲಿದ್ರ ಟಾರಿನ್ನೂ ಮೋರಿಗೆ. 1987ರಾಗ ಕ್ಯಾಲಿಫೋರ್ನಿಯಾದ ಡೇವಿಸ್‌ನ್ಯಾಗ ಪಾಲ್ ಪಿಯಾನ್ ಅನ್ನೂ ಪ್ರಾಣಿ ಡಾಕ್ಟ್ರು ಮತ್ತ ಅವರ ಜೊತಿಯವರು, ಟಾರಿನ್ ಕಮ್ಮಿ ಆದ ಬೆಕ್ಕಿನ ಹಾರ್ಟ್ ಊದಿ ಸೋಲ್ತೈತಿ, ಟಾರಿನ್ ಕೊಟ್ರ ಸುಧಾರಸ್ತೈತಿ ಅಂತ ತೋರಿಸಿದ್ರು. ಆ ಬೆಕ್ಕುಗಳು ತಿಂತಿದ್ದದ್ದು ಕಂಪನಿ ಫುಡ್ಡು ಅನ್ನೂದನ್ನೂ ಹೇಳಬೇಕು, ಅದಾದ ಮ್ಯಾಲ ಕಂಪನಿಯವರು ಟಾರಿನ್ ಹೆಚ್ಚಿಗಿ ಹಾಕಾಕತ್ರು. ಅಂದ್ರ ಅಡಚಣಿ ಇದ್ದದ್ದು ಬೇಯಿಸೂದ್ರಾಗಲ್ಲ, ಟಾರಿನ್ ಕಮ್ಮಿ ಆಗೂದ್ರಾಗ.

ಕುಕ್ಕರ್ ಪ್ರಶ್ನೆಕ್ಕ ಉತ್ತರ: ಬೆಕ್ಕು ಇಲಿ ಹಿಡಿದ್ರ ಎಲುಬು, ಹಾರ್ಟು, ಲಿವರ್ ಎಲ್ಲಾ ಕೂಡಿ ಅಲ್ಲೇ ಬಿಸಿಬಿಸಿ ತಿಂತೈತಿ. ನೀವು ತರೂದು ಬೋನ್‌ಲೆಸ್ಸು. ಅದ್ರಾಗ ಫಾಸ್ಫರಸ್ ಭಾಳ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನೂವಷ್ಟು ಕಮ್ಮಿ. ಬರೀ ಅದನ್ನ ತಿಂದ ಮರಿ ಸೋಫಾ ಮ್ಯಾಲಿಂದ ಜಿಗಿದ್ರೂ ಕಾಲು ಮುರೀತೈತಿ, ಎಕ್ಸ್‌ರೇದಾಗ ಎಲುಬು ಸರಿಯಾಗಿ ಕಾಣಂಗೇ ಇಲ್ಲ. ಲಿವರ್ ಛಲೋ ಅಂತ ದಿನಾ ಅದನ್ನ ಹಾಕಿದ್ರ ವಿಟಮಿನ್ ಎ ಜಾಸ್ತಿ ಆಗಿ ಕುತ್ತಿಗಿ ಎಲುಬು ಬೆಸುಗಿ ಕೂತು ಬಿಡ್ತಾವು. ಇಷ್ಟೂ ಹಸಿದು ಹಾಕ್ರಿ, ಬೇಯಿಸಿ ಹಾಕ್ರಿ, ಎರಡಕ್ಕೂ ಒಂದ.

ಕೋಟೆಕಾರ್_ಹುಡುಗ
ಚಿಕನ್ ಬಿಡಿ, ನಮ್ಮ ಕಡೆ ಮೀನಿನ ಕತೆ ಇದೇ. ಅಮ್ಮ ಮೆಟ್ಟುಕತ್ತಿ ಇಟ್ಟು ಕೂತ್ರೆ ಬೆಕ್ಕು ಎದುರೇ ಕಾಯ್ತಾ ಉಂಟು, ಬಂಗುಡೆ ತಲೆ, ಬೂತಾಯಿ ಕರುಳು ಎಲ್ಲ ಅದಕ್ಕೇ. ಯಾವಾಗಾದ್ರೂ ಒಮ್ಮೆ ಅಂದ್ರೆ ಏನೂ ಇಲ್ಲ ಮಾರಾಯ್ರೆ, ಆದ್ರೆ ದಿನಾ ಹಸಿ ಮೀನೇ ಆದ್ರೆ ಕಷ್ಟ. ಕೆಲವು ಮೀನಲ್ಲಿ ಥಯಾಮಿನೇಸ್ ಅಂತ ಇರ್ತದೆ, ಅದು ವಿಟಮಿನ್ ಬಿ1 ಅನ್ನೇ ಒಡೆದು ಹಾಕ್ತದೆ. ಪಕ್ಕದ ಮನೆ ಬೆಕ್ಕಿಗೆ ಹಾಗೇ ಆದದ್ದು, ತಲೆ ಎತ್ಲಿಕ್ಕೆ ಆಗದೆ ಗಲ್ಲ ಎದೆಗೆ ತಾಗಿಸ್ಕೊಂಡು ಓಲಾಡ್ಕೊಂಡು ನಡೀತಿತ್ತು, ಬಿ1 ಇಂಜೆಕ್ಷನ್ ಕೊಟ್ಟ ಮೇಲೆ ಸರಿ ಆಯ್ತು. ಬೇಯಿಸಿದ್ರೆ ಆ ಥಯಾಮಿನೇಸ್ ಸಾಯ್ತದೆ, ಅಷ್ಟೇ ಕೆಲಸ.

ಹುಲಿಯ_ತಂಗಿ
ನಾನು ಟಾರಿನ್ ಪೌಡರ್, ಎಲುಬು ಎಲ್ಲಾ ಲೆಕ್ಕ ಹಾಕೇ ಹಾಕ್ತೀನಿ ಸರ್. ಫ್ರೀಜರಲ್ಲಿ ಇಟ್ಟು ಆಮೇಲೇ ಕೊಡೋದು, ಕ್ರಿಮಿ ಎಲ್ಲಾ ಸಾಯತ್ತಲ್ಲ.

ಪೋರ್ಟ್‌ಲ್ಯಾಂಡ್_ಕನ್ನಡಿಗ
ಇಲ್ಲಿ ನನ್ನದೂ ಒಂದು ಮಾತು. ನಾವಿರೋ ಆರೆಗಾನ್‌ನಲ್ಲೇ 2024ರ ಡಿಸೆಂಬರಲ್ಲಿ ಒಂದು ಬೆಕ್ಕು ಹಕ್ಕಿಜ್ವರದಿಂದ ಸತ್ತೋಯ್ತು, ಅದೂ ಮನೆಯಿಂದ ಆಚೆ ಕಾಲೇ ಇಡದ ಬೆಕ್ಕು. ತಿಂದಿದ್ದು ಟರ್ಕಿ ಮಾಂಸದ ಫ್ರೋಜನ್ ರಾ ಫುಡ್. ಪ್ಯಾಕೆಟಲ್ಲಿದ್ದ ವೈರಸ್ಸು, ಬೆಕ್ಕಲ್ಲಿದ್ದ ವೈರಸ್ಸು ಎರಡೂ ಒಂದೇ ಅಂತ ಟೆಸ್ಟಲ್ಲಿ ಗೊತ್ತಾಯ್ತು, ಕಂಪನಿ ಮಾಲು ವಾಪಸ್ ತಗೊಳ್ತು. ಫ್ರೀಜರ್ ವೈರಸ್ಸನ್ನ ಸಾಯ್ಸಲ್ಲ, ಜೋಪಾನವಾಗಿ ಕಾಪಾಡತ್ತೆ. ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾನೂ ಅಷ್ಟೇ. 2023ರಲ್ಲಿ ಪೋಲೆಂಡಲ್ಲೂ ಬೇಕಾದಷ್ಟು ಬೆಕ್ಕು ಸತ್ವು, ಅಲ್ಲೂ ಹಸಿ ಕೋಳಿ ಮಾಂಸದ ಮೇಲೇ ಅನುಮಾನ ಬಂದಿತ್ತು. ನಮ್ಮ ಬಿಲ್ಡಿಂಗಲ್ಲಿ ರಾ ಹಾಕ್ತಿದ್ದವರೆಲ್ಲಾ ಈಗ ಅದೇ ಪ್ಯಾಕೆಟ್ಟನ್ನ ಬೇಯಿಸಿ ಹಾಕ್ತಿದ್ದಾರೆ.

ದನದ_ಡಾಕ್ಟ್ರು_ಹುಬ್ಬಳ್ಳಿ
ದೂರ ಹೋಗೂದು ಬ್ಯಾಡ್ರಿ. 2025ರ ಜನವರಿಯಾಗ ಮಧ್ಯಪ್ರದೇಶದ ಛಿಂದ್ವಾಡಾದಾಗ ಸಾಕಿದ ಬೆಕ್ಕುಗಳಿಗೆ ಹಕ್ಕಿಜ್ವರ ಬಂದಿದ್ದು ಗೊತ್ತಾತು, ಅದಕ್ಕೂ ಸ್ವಲ್ಪ ಮುಂಚೆ ನಾಗಪುರದ ಗೋರೆವಾಡ ಪ್ರಾಣಿ ರಕ್ಷಣಾ ಕೇಂದ್ರದಾಗ ಮೂರು ಹುಲಿ, ಒಂದು ಚಿರತಿ ಅದ ರೋಗಕ್ಕ ಸತ್ತಿದ್ವು. ಅದ ವರ್ಷ ನಮ್ಮ ಚಿಕ್ಕಬಳ್ಳಾಪುರ, ಸಂಡೂರು ಕಡೆನೂ ಕೋಳಿಗೆ ಬಂದಿತ್ತಲ್ಲ.

ಅದಿಲ್ಲದಿದ್ರೂ ನಮ್ಮ ಚಿಕನ್ ಅಂಗಡಿ ಒಮ್ಮೆ ನಿಂತು ನೋಡ್ರಿ. ಕೊರಡು ಒಂದ, ಮುಂಜಾನಿಂದ ಅದರ ಮ್ಯಾಲನ ಎಲ್ಲಾ ಕೋಳಿ, ಒರೆಸೂ ಅರಿವಿ ಒಂದ, ಕೈ ತೊಳಿಯೂ ಬಕೇಟೂ ಒಂದ. ನಾವು ಅದನ್ನ ಅರ್ಧ ತಾಸು ಕುದಿಸಿ ತಿಂತೀವಿ, ಬೆಕ್ಕಿಗೆ ಹಸಿದ ಹಂಗೇ ಹಾಕ್ತೀವಿ. ಬೆಕ್ಕಿನ ಹೊಟ್ಟಿ ತಡ್ಕೊಂಡ್ರೂ, ಸಾಲ್ಮೊನೆಲ್ಲಾ ಟ್ರೇಕ್ಕ, ಬಟ್ಟಲಿಗೆ, ಅದು ನೆಕ್ಕಿದ ಕೈಗೆ ಬರ್ತೈತಿ.

ತಂಗಿ ವಿಷಯಕ್ಕ: ಬೆಕ್ಕನ್ನ ಯಾರಿಗೂ ಕೊಡಬ್ಯಾಡ್ರಿ. ಟಾಕ್ಸೊಪ್ಲಾಸ್ಮಾ, ಅಂದ್ರ ಬಸುರಿ ಹೊಟ್ಟ್ಯಾಗಿನ ಕೂಸಿಗೆ ತೊಂದರಿ ಮಾಡೂ ಕ್ರಿಮಿ, ಬೆಕ್ಕಿಗೆ ಬರೂದು ಇಲಿಯಿಂದ, ಹಸಿ ಮಾಂಸದಿಂದ. ಮನಿಯಾಗ ಇರೂ ಬೆಕ್ಕಿಗೆ ಬೇಯಿಸಿದ್ದು ಹಾಕಿದ್ರ ಅದು ಬರೂದು ಭಾಳ ಕಮ್ಮಿ. ಬಂದ್ರೂ ಹೇಲಿನ್ಯಾಗಿನ ಅದರ ತತ್ತಿ ರೋಗ ಅಂಟಿಸೂವಂಗ ಆಗಬೇಕಂದ್ರ ಒಂದರಿಂದ ಐದು ದಿನ ಬೇಕು, ಅದಕ್ಕ ಟ್ರೇ ದಿನಾ ತೆಗೀರಿ, ತಂಗಿ ಕೈಲೆ ತೆಗಿಸಬ್ಯಾಡ್ರಿ. ಆಕಿಗೆ ತೊಳೀದ ಸೊಪ್ಪು, ಅರೆಬೆಂದ ಮಾಂಸದ ಅಂಜಿಕಿನ ಹೆಚ್ಚು.

ಹುಲಿಯ_ತಂಗಿ
ನಾನಂತೂ ಬದಲಾಯ್ಸಲ್ಲ. ಆದ್ರೆ ಮನೇಲಿ ಬಸುರಿ ಇದ್ರೆ, ಚಿಕ್ಕ ಮಕ್ಳಿದ್ರೆ ನಾನೂ ಬೇಡ ಅಂತೀನಿ, ಅದು ಸರಿ.

ಬೋಂಡಾನ_ಅಕ್ಕ
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಅಮ್ಮಂಗೆ ಟ್ರೇ ವಿಷ್ಯ ಓದಿ ಹೇಳಿದೆ, ಸದ್ಯಕ್ಕೆ ಸುಮ್ನಾಗಿದಾರೆ. ಸರ್, ಹಾಗಾದ್ರೆ ಕುಕ್ಕರಲ್ಲೇ ಚಿಕನ್ ಬೇಯಿಸಿ ಹಾಕಿದ್ರೆ ಸಾಕಾ? ಎಲುಬು ಸಮೇತನಾ?

ದನದ_ಡಾಕ್ಟ್ರು_ಹುಬ್ಬಳ್ಳಿ
ಬೆಂದ ಎಲುಬು ಬ್ಯಾಡ, ಚೂರಾಗಿ ಚುಚ್ಚತೈತಿ. ಬ್ರೆಸ್ಟ್ ಬಿಟ್ಟು ಲೆಗ್ ತಗೋರಿ, ಟಾರಿನ್ ಅದ್ರಾಗ ಜಾಸ್ತಿ, ಹಾರ್ಟ್ ಸಿಕ್ರ ಇನ್ನೂ ಛಲೋ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಉಪ್ಪು ಏನೂ ಹಾಕಬ್ಯಾಡ್ರಿ, ನಿಮ್ಮ ಸಾರಿನ ಪೀಸ್ ತೊಳದು ಕೊಡೂದೂ ಬ್ಯಾಡ. ಕುದಿಸಿದ ನೀರು ಮಾಂಸಕ್ಕ ಕಲಸೇ ಕೊಡ್ರಿ, ಯೂರಿನ್ನಿಗೂ ಅದ ಬೇಕು. ಆದ್ರ ಇದು ಪೂರ್ತಿ ಊಟ ಅಲ್ಲ. ಅವನ ಊಟದಾಗ ಹೆಚ್ಚಿನ ಪಾಲು ಪ್ಯಾಕೆಟ್ ಮ್ಯಾಲ "ಕಂಪ್ಲೀಟ್" ಅಂತ ಬರದಿರೂದ ಇರಲಿ ("ಕಾಂಪ್ಲಿಮೆಂಟರಿ" ಅಂತ ಬರದ್ರ ಅದು ಬರೀ ತಿಂಡಿ, ಟ್ಯೂನಾ ಡಬ್ಬಿ ಸುಮಾರು ಇಂಥಾವ), ಅದರ ಮ್ಯಾಲ ಸ್ವಲ್ಪ ಚಿಕನ್. ಪೂರ್ತಿ ಮನಿ ಅಡಗಿನ ಹಾಕ್ತೀನಿ ಅಂದ್ರ ಕ್ಯಾಲ್ಸಿಯಂ, ಟಾರಿನ್ ಅಳತಿ ನಿಮ್ಮ ಡಾಕ್ಟ್ರ ಕೈಲೆ ಬರೆಸ್ಕೋರಿ. ಹಳೇ ಡ್ರೈ ಫುಡ್ಡಿಗೂ ನೀರು ಹಾಕಿ ನೆನಸಿ ಕೊಡಬಹುದು, ಆದ್ರ ಯಾರೂ ಮಾಡೂದಿಲ್ಲ.

ಗಂಡು ಬೆಕ್ಕು ಟ್ರೇದಾಗ ಕೂತು ಮುಕ್ಕಿರಿತೈತಿ, ಹನಿ ಉಚ್ಚಿ ಬರವಲ್ದು ಅಂದ್ರ ಊಟದ ಚರ್ಚೆ ಬಿಟ್ಟು ಅವಾಗ್ಲೇ ಕರ್ಕೊಂಡು ಹೋಗ್ರಿ, ರಾತ್ರಿ ಆದ್ರೂ. ಮುಂಜಾನಿತನಕ ಕಾಯಬ್ಯಾಡ್ರಿ.