ಪದಚರ್ಚೆ: ಹವಾಮಾನ 'ವೈಪರೀತ್ಯ'ವೋ, 'ಏರುಪೇರೋ'?

ಎಲ್ಲರಿಗೂ ನಮಸ್ಕಾರ.

ಹವೆಗೂ ಬೆಳೆಗೂ ಇರುವ ನಂಟಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಕ್ಲೈಮೇಟ್ ವೇರಿಯಬಿಲಿಟಿ' ಎಂಬಲ್ಲಿಗೆ ಬಂದು ನಿಂತಿದ್ದೇನೆ. ಪತ್ರಿಕೆಗಳಲ್ಲಿ ಎಲ್ಲದಕ್ಕೂ 'ಹವಾಮಾನ ವೈಪರೀತ್ಯ' ನಡೆಯುತ್ತಿದೆ. ಒಂದು ಸಂಜೆಯ ಆಲಿಕಲ್ಲು ಮಳೆಗೂ ಅದೇ, ನೂರು ವರ್ಷಗಳ ತಾಪಮಾನ ಏರಿಕೆಗೂ ಅದೇ. ನನಗೆ ಬೇಕಾದದ್ದು ಇವೆರಡೂ ಅಲ್ಲ. ಸಾಮಾನ್ಯವಾಗಿ 30 ವರ್ಷಗಳ ಸರಾಸರಿಯನ್ನು ವಾಯುಗುಣ ಎನ್ನುತ್ತೇವೆ. ಆ ಸರಾಸರಿಯೇ ಜರುಗಿದರೆ ಅದು ಬದಲಾವಣೆ. ಸರಾಸರಿಯ ಆಚೀಚೆ ವರ್ಷದಿಂದ ವರ್ಷಕ್ಕೆ, ಹಂಗಾಮಿನಿಂದ ಹಂಗಾಮಿಗೆ ಆಗುವ ತೂಗಾಟಕ್ಕೆ ಒಂದು ಪದ ಬೇಕು. ಎರಡರಿಂದ ಏಳು ವರ್ಷಗಳಿಗೊಮ್ಮೆ ಮರಳುವ ಎಲ್ ನಿನೊ (ಪೆಸಿಫಿಕ್ ಸಾಗರದ ಮೇಲ್ಮೈ ನೀರು ಬಿಸಿಯೇರುವುದು) ಇದಕ್ಕೆ ಒಳ್ಳೆಯ ಉದಾಹರಣೆ.

ಇಷ್ಟು ಹಟ ಯಾಕೆಂದರೆ, ಗಿಡ ಸರಾಸರಿಯನ್ನು ನೋಡಿ ಬೆಳೆಯುವುದಿಲ್ಲ. ಭತ್ತವನ್ನೇ ನೋಡಿ. ಅದರ ಒಂದೊಂದು ಹೂವೂ ಅರಳಿರುವುದು ಹೆಚ್ಚೆಂದರೆ ಒಂದೆರಡು ಗಂಟೆ. ಆ ಹೊತ್ತಿನಲ್ಲಿ ಬಿಸಿಲು 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗಕೋಶ ಸರಿಯಾಗಿ ಒಡೆಯುವುದಿಲ್ಲ, ಪರಾಗ ಹೂವಿನ ಹೆಣ್ಣುಭಾಗವಾದ ಶಲಾಕೆಗೆ ಅಂಟುವುದಿಲ್ಲ, ಕಾಳು ಕಟ್ಟಬೇಕಾದಲ್ಲಿ ಜೊಳ್ಳು ಉಳಿಯುತ್ತದೆ. ಇಡೀ ಹಂಗಾಮಿನ ಸರಾಸರಿ ತಾಪಮಾನ ಮಾತ್ರ ಎಂದಿನಂತೆಯೇ ಇದ್ದೀತು. ಮೆಕ್ಕೆಜೋಳದ ಕಷ್ಟ ಬೇರೆ: ಹೂ ಬಿಡುವಾಗ ನೀರು ಸಾಲದಿದ್ದರೆ ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು) ಪರಾಗ ಉದುರಿಸಿ ಮುಗಿಸಿದ ಮೇಲೆ ತೆನೆಯ ಕೂದಲು ಹೊರಬರುತ್ತದೆ, ತೆನೆಯಲ್ಲಿ ಕಾಳು ಹಲ್ಲುದುರಿದಂತೆ ಕಾಣುತ್ತದೆ. ಆಫ್ರಿಕಾದ ಮೆಕ್ಕೆಜೋಳದ ಪ್ರಯೋಗಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಾಪಮಾನ 30 ಡಿಗ್ರಿಗಿಂತ ಒಂದು ಡಿಗ್ರಿ ಹೆಚ್ಚಿದ ಒಂದೊಂದು ದಿನಕ್ಕೂ ಇಳುವರಿ ಸುಮಾರು ಶೇ 1ರಷ್ಟು ಕುಸಿದಿತ್ತು. ಬರವಿದ್ದಾಗ ಶೇ 1.7ರಷ್ಟು. ಬಿಸಿ ದಿನ ಕಿತ್ತುಕೊಂಡದ್ದನ್ನು ತಂಪು ದಿನ ತಿರುಗಿ ಕೊಡುವುದಿಲ್ಲ. ಹಾಗಾಗಿ ಸರಾಸರಿ ಅಲ್ಲಾಡದಿದ್ದರೂ ತೂಗಾಟ ಹೆಚ್ಚಾದರೆ ಇಳುವರಿ ಬೀಳುತ್ತದೆ. ಇದನ್ನು ಹೇಳುವ ವಾಕ್ಯದಲ್ಲಿ 'ಬದಲಾವಣೆ' ಎಂದು ಬರೆದರೆ ಅರ್ಥವೇ ತಲೆಕೆಳಗಾಗುತ್ತದೆ.

'ವೈಪರೀತ್ಯ' ಯಾಕೆ ಬೇಡ? ಅದರೊಳಗೆ 'ವಿಪರೀತ' ಇದೆ. ರಾತ್ರಿಯ ತಾಪಮಾನ ಒಂದು ಡಿಗ್ರಿ ಏರಿದರೆ ಯಾರೂ ಅದನ್ನು ವಿಪರೀತ ಎನ್ನುವುದಿಲ್ಲ. ಆದರೆ ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ಒಣ ಹಂಗಾಮಿನ ಕನಿಷ್ಠ ತಾಪಮಾನ ಒಂದು ಡಿಗ್ರಿ ಹೆಚ್ಚಿದಾಗ ಇಳುವರಿ ಸುಮಾರು ಶೇ 10ರಷ್ಟು ಇಳಿದದ್ದು 2004ರಲ್ಲಿ ವರದಿಯಾಯಿತು. ಸದ್ದಿಲ್ಲದೆ ಆಗುವ ಇಂಥ ನಷ್ಟ 'ವೈಪರೀತ್ಯ' ಎಂಬ ಪದದ ಕೈಗೆ ಸಿಗುವುದಿಲ್ಲ.

'ವ್ಯತ್ಯಯ' ಈಗ ವಿದ್ಯುತ್ ಕಡಿತಕ್ಕೆ ಮೀಸಲಾದಂತಿದೆ. 'ಚಂಚಲತೆ' ಮನಸ್ಸಿನದು. 'ಏರಿಳಿತ' ತಾಪಮಾನಕ್ಕೆ ಸರಿ, ಆದರೆ ಮಳೆ ಮೂರು ವಾರ ತಡವಾದದ್ದು ಏರಿಳಿತವಲ್ಲವಲ್ಲ. ನನ್ನ ಒಲವು 'ಏರುಪೇರಿ'ನ ಕಡೆಗೆ. ಅಳತೆ, ಹೊತ್ತು ಎರಡಕ್ಕೂ ಅದು ಒಗ್ಗುತ್ತದೆ. ಅಡ್ಡಿ ಒಂದೇ: 'ಆರೋಗ್ಯದಲ್ಲಿ ಏರುಪೇರು' ಎಂದಾಗ ಕೆಟ್ಟದ್ದೇ ಆಗಿದೆ ಎಂಬ ಧ್ವನಿ ಬರುತ್ತದೆ. ಹದವಾದ ಮಳೆ ಬಿದ್ದು ಫಸಲು ಹೆಚ್ಚಿದ ವರ್ಷವೂ ಈ ತೂಗಾಟದ ಒಂದು ತುದಿಯೇ.

ಜೊತೆಗೆ ಇನ್ನೊಂದು ಕೇಳಿಕೆ. 'ಬೆಳೆ ಚೆನ್ನಾಗಿದೆ' ಎಂದರೆ ನೀವು ಏನು ತಿಳಿಯುತ್ತೀರಿ, ಪೈರು ಹುಲುಸಾಗಿದೆ ಎಂದೋ, ಕಾಳು ಚೆನ್ನಾಗಿ ಬಂದಿದೆ ಎಂದೋ? ಮಳೆ, ಸಾರಜನಕ ಎರಡೂ ಹೆಚ್ಚಾದರೆ ಪೈರು ಸೊಕ್ಕಿ ಬೆಳೆದು ಮಲಗುತ್ತದೆ, ಇಳುವರಿ ಕಡಿಮೆಯಾಗುತ್ತದೆ. ನಾನು ಗಿಡಕ್ಕೆ 'ಬೆಳವಣಿಗೆ', ಕೈಗೆ ಬಂದದ್ದಕ್ಕೆ 'ಇಳುವರಿ' ಎಂದು ಬೇರೆಬೇರೆಯಾಗಿ ಬಳಸುತ್ತಿದ್ದೇನೆ. 'ಏರುಪೇರು' ನಿಮಗೆ ಒಪ್ಪಿಗೆಯೇ? ಒಳಿತು ಕೆಡುಕು ಎರಡಕ್ಕೂ ಸಲ್ಲುವ ಬೇರೆ ಪದ ನಿಮ್ಮ ಬಳಕೆಯಲ್ಲಿದ್ದರೆ, ಒಂದು ವಾಕ್ಯದಲ್ಲಿಟ್ಟು ತೋರಿಸಿ.